ಕೇಳುವುದು, ಕೇಳಿಸುವುದು
(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)

ನನ್ನ ಮಾತು ಮುಖ್ಯವಾಗಿ ಮುಂದೆ ಕುಳಿತಿರುವ ಹತ್ತನೆಯ ಇಯತ್ತೆಯ ಮಕ್ಕಳಿಗೆ.

ಮೊದಲ ಸಲ ನೌಕರಿಯ ಸಂದರ್ಶನಕ್ಕೆ ಹೋದಾಗ ಸಾಹೇಬರ ಪ್ರಶ್ನೆ ನನಗೆ ತಿಳಿಯಲಿಲ್ಲ. ‘ಇನ್ನೊಮ್ಮೆ ಕೇಳಿರಿ’ ಎನ್ನಬೇಕಿತ್ತು. ‘ಪ್ಲೀಸ್ ಲಿಸನ್ ಅಗೇನ್’ ಎಂದೆ. ಸರಿಯಾಗಿ ಕಿವಿಗೊಡಿರಿ ಎಂದು ಅವರಿಗೇ ಅಪ್ಪಣೆ ಕೊಟ್ಟಂತಾಯಿತು! ಎಲ್ಲರೂ ನಕ್ಕರು. ನೌಕರಿ ಹೋದದ್ದು ಹೋಯಿತು, ಮುಂದೆ ಎರಡು ವರ್ಷ ನಾನು ಇಂಗ್ಲಿಷಿನಲ್ಲಿ ಬಾಯಿಯನ್ನೇ ತೆರೆಯಲಿಲ್ಲ.

ತಪ್ಪು ಎಲ್ಲಿತ್ತು? ನಾವು ದಾರಿಯನ್ನೂ ಕೇಳುತ್ತೇವೆ, ಭಜನೆಯನ್ನೂ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದು ಆಸ್ಕ್, ಎರಡನೆಯದು ಲಿಸನ್. ಮನೆಯಲ್ಲಿ ಮರಾಠಿ ಆಡುವವರಿಗೆ ‘ವಿಚಾರಣೆ’, ‘ಐಕಣೆ’, ಉರ್ದು ಆಡುವವರಿಗೆ ‘ಪೂಛನಾ’, ‘ಸುನನಾ’ ಎಂದು ಬೇರೆ ಬೇರೆ ಮಾತುಗಳಿವೆ. ಅವರು ನನ್ನಂತೆ ಎಡವಲಿಕ್ಕಿಲ್ಲ.

ಹಿಯರ್ ಮತ್ತು ಲಿಸನ್‌ಗಳ ವ್ಯತ್ಯಾಸವನ್ನು ಮಾತ್ರ ನಮ್ಮ ಕನ್ನಡವೇ ಹೇಳಿಕೊಡುತ್ತದೆ. ರಾತ್ರಿ ರೈಲು ಕೃಷ್ಣೆಯ ಸೇತುವೆ ದಾಟುವ ಸದ್ದು ಮಲಗಿದವರಿಗೂ ಕೇಳಿಸುತ್ತದೆ. ಅದಕ್ಕಾಗಿ ನಾವೇನೂ ಮಾಡಬೇಕಿಲ್ಲ. ಅದು ಹಿಯರ್. ಮಿರಜ ಗಾಡಿ ಎಷ್ಟು ತಡ ಎಂದು ಸ್ಟೇಷನ್ನಿನಲ್ಲಿ ಮೈಯೆಲ್ಲ ಕಿವಿಯಾಗಿ ಕೇಳುತ್ತೇವಲ್ಲ, ಅದು ಲಿಸನ್. ಯಾವುದನ್ನು ಕೇಳಿದೆವು ಎಂದು ಹೇಳುವಾಗ ಅದಕ್ಕೆ ‘ಟು’ ಹಚ್ಚಬೇಕು. ‘ಮಾತಿಗೆ ಕಿವಿಗೊಡು’ ಎನ್ನುವಾಗ ‘ಗೆ’ ಬರುವುದಿಲ್ಲವೇ, ಹಾಗೆ. ಕಣ್ಣಿನದೂ ಇದೇ ಕಥೆ. ಹೊಳೆದಂಡೆಗೆ ಹೋದರೆ ಸೇತುವೆ ಕಾಣುತ್ತದೆ, ಸೀ. ಬೇಕೆಂದೇ ಅತ್ತ ತಿರುಗಿ ನೋಡಿದರೆ ಲುಕ್. ಮಳೆಗಾಲದಲ್ಲಿ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನಮ್ಮ ಹಿರಿಯರು ತಾಸುಗಟ್ಟಲೆ ಕಣ್ಣಿಟ್ಟು ಕೂರುತ್ತಾರಲ್ಲ, ಅದು ವಾಚ್. ಗೋಡೆಯ ಗಡಿಯಾರ ವಾಚ್ ಅಲ್ಲ, ಕ್ಲಾಕ್. ಅದು ಬೇರೆ ಮಾತು.

ಇನ್ನು ಬಾರೋ, ಲೆಂಡ್. ನಾವು ಸಾಲ ತರುತ್ತೇವೆ, ಸಾಲ ಕೊಡುತ್ತೇವೆ. ‘ಸಾಲ’ ಎರಡೂ ಕಡೆ ಇದೆ. ಇಂಗ್ಲಿಷಿನಲ್ಲಿ ತಂದರೆ ಬಾರೋ, ಕೊಟ್ಟರೆ ಲೆಂಡ್. ಗೆಳೆಯನ ಪೆನ್ನು ಕೇಳುವಾಗ ತಪ್ಪಿದರೆ ನಗುತ್ತಾರೆ, ಅಷ್ಟೇ. ಆದರೆ ಕಬ್ಬಿನ ಬೆಳೆಸಾಲದ ಕಾಗದದಲ್ಲಿ ‘ಬಾರೋವರ್’ ಎಂದಿರುವಲ್ಲಿ ಸಹಿ ಮಾಡಿದವನು ಆ ಹಣ ತೀರಿಸಬೇಕು. ಅಪ್ಪ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಓದಿ ಹೇಳಬೇಕಾದವರು ಎಷ್ಟೋ ಮನೆಗಳಲ್ಲಿ ನೀವೇ.

ಈಗ ನೀವು ಕೇಳಿರಿ. ಆಸ್ಕ್ ಎಂಬ ಅರ್ಥದಲ್ಲಿ. ತಪ್ಪಾದರೂ ಇಂಗ್ಲಿಷಿನಲ್ಲೇ ಕೇಳಿರಿ, ನಾನು ನಗುವುದಿಲ್ಲ.