ಸುಳ್ಳಿಗೆ ಕನ್ನಡ ಚೆನ್ನಾಗಿ ಬರುತ್ತೆ!

(ದಾವಣಗೆರೆಯ ವಿದ್ಯಾನಗರದಲ್ಲಿ ಯುವಕ-ಯುವತಿಯರ ಸಭೆಯಲ್ಲಿ ಆಡಿದ ಮಾತುಗಳು)



ಎರಡೆರಡು ಮೆಡಿಕಲ್ ಕಾಲೇಜು ಇರುವ ಊರಿನಲ್ಲಿ ಲಸಿಕೆಯ ಮಾತಾಡುವುದೆಂದರೆ, ಬೆಣ್ಣೆದೋಸೆಯವನಿಗೆ ಹಿಟ್ಟು ರುಬ್ಬುವುದನ್ನು ಹೇಳಿಕೊಟ್ಟಂತೆ. ಆದರೂ ಆಡಬೇಕಾಗಿದೆ.

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ದೇಶದಲ್ಲೇ ಮೊದಲು ಶುರುವಾದ ಕಡೆಗಳಲ್ಲಿ ನಮ್ಮ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದು ಚುಚ್ಚುಮದ್ದು. ಆಗ ವಾಟ್ಸಾಪಿನಲ್ಲಿ ಓಡಾಡಿದ್ದೇನು? ಅಪಾಯ, ಹಾಕಿಸಬೇಡಿ! ಹೆತ್ತವರು ಹೆದರಿದರು. ಹೆದರದೆ ಏನು ಮಾಡಿಯಾರು? ಮಗು ಅವರದು.

ಇಂಥ ಹೆದರಿಕೆಯ ಹಳೆಯ ಬೇರೊಂದು ಲಂಡನ್ನಿನಲ್ಲಿದೆ. 1998ರಲ್ಲಿ ವೇಕ್‌ಫೀಲ್ಡ್ ಎಂಬ ವೈದ್ಯ ಬರೇ 12 ಮಕ್ಕಳನ್ನು ಮುಂದಿಟ್ಟುಕೊಂಡು, ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ. 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಆ ಲೇಖನವನ್ನು ವಾಪಸು ಪಡೆಯಿತು, ವೈದ್ಯನ ಪರವಾನಗಿಯೂ ಹೋಯಿತು. ಸುಳ್ಳು ಸಮುದ್ರ ದಾಟಿ ಬಂತು. ವಾಪಸಾದ ಸುದ್ದಿ ಮಾತ್ರ ನಮ್ಮ ಬಸ್ ಸ್ಟ್ಯಾಂಡಿನ ತನಕವೂ ಬರಲಿಲ್ಲ.

ರುಬೆಲ್ಲಾ ಮಕ್ಕಳಿಗೆ ಬಂದರೆ ಸಣ್ಣ ಜ್ವರ, ಮೈಮೇಲೆ ದದ್ದು, ನಾಲ್ಕು ದಿನಕ್ಕೆ ವಾಸಿ. ಬಸುರಿಗೆ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು. ‘ಗಂಡುಹುಡುಗರಿಗೆ ಯಾಕೆ?’ ಅಂತ ಕೇಳುವವರಿದ್ದಾರೆ. ಬಸುರಿ ಅಕ್ಕನಿಗೆ ಅದನ್ನು ಶಾಲೆಯಿಂದ ಹೊತ್ತು ತರುವವನು ತಮ್ಮನೇ ಆಗಿರಬಹುದಲ್ಲ!

ನೋಡಿ, ನಾಲ್ಕು ಸಾಲಿನಲ್ಲಿ ಮುಗಿಯಿತು. ಈ ಮಾತನ್ನು ಮನೆಬಾಗಿಲಲ್ಲಿ ನಿಂತು ಹೇಳಿದವರು ಆಶಾ ಕಾರ್ಯಕರ್ತೆಯರು, ಬೈಸಿಕೊಂಡವರೂ ಅವರೇ. ಸುಳ್ಳು ಅಚ್ಚಗನ್ನಡದಲ್ಲಿ ಅಕ್ಕಾ, ಅಣ್ಣಾ ಅನ್ನುತ್ತಾ ಒಳಗೆ ಬಂದು ಕೂರುತ್ತದೆ. ನಿಜ ಯಾವ ಭಾಷೆಯಲ್ಲಿದೆ? ಔಷಧಿ ಡಬ್ಬಿಯೊಳಗಿನ ಚೀಟಿ ಬಿಚ್ಚಿ ನೋಡಿ. 2021ರ ಮೇ 1ಕ್ಕೆ 18 ದಾಟಿದವರಿಗೆ ಕೋವಿಡ್ ಲಸಿಕೆ ಅಂದರು. ಹೆಸರು ಬರೆಸುವ ‘ಕೋವಿನ್’ ಪುಟದಲ್ಲಿ ಆಗ ಇಂಗ್ಲಿಷ್ ಒಂದೇ. ಕನ್ನಡ ಬಂದದ್ದು ಜೂನಿನಲ್ಲಿ. ಅಷ್ಟರಲ್ಲಿ ಎರಡನೇ ಅಲೆ ಎಷ್ಟು ಮನೆಗಳ ದೀಪ ಆರಿಸಿತ್ತು!

ಇಲ್ಲಿ ಕೂತಿರುವ ಮೆಡಿಕಲ್, ನರ್ಸಿಂಗ್ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮಗುವಿಗೆ 9 ತಿಂಗಳಿಗೊಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಈ ಲಸಿಕೆ ಯಾಕೆ ಅಂತ ಕನ್ನಡದಲ್ಲಿ ಆರು ಸಾಲು ಬರೆಯಿರಿ. ನಿಮ್ಮ ಅಜ್ಜಿಗೆ ಓದಿ ಹೇಳಿ. ಅಜ್ಜಿ ‘ಹಂಗಂದ್ರೇನು?’ ಅಂದ ಪದವನ್ನು ಹೊಡೆದುಹಾಕಿ ಮತ್ತೆ ಬರೆಯಿರಿ. ಮುಂದಿನ ಭಾನುವಾರ ತನ್ನಿ, ಇಲ್ಲೇ ಓದೋಣ.