ಅಗ್ಗದ ಕೋವಿಯೊಂದರ ಯೋಗ್ಯತೆ

ಜೀವಮಾನವೆಲ್ಲ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೂ ಬಂದೂಕಿಗೂ ಏನು ಸಂಬಂಧವೆಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಿದ್ದೀತು. ನಾನು ಮಲೆನಾಡಿನಲ್ಲಿ ಹುಟ್ಟಿ ಬೆಳೆದವನು. ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಪಂಚಾಂಗ ಎಷ್ಟು ಸಹಜವಾಗಿ ತೂಗುತ್ತಿತ್ತೋ ಅಷ್ಟೇ ಸಹಜವಾಗಿ ಒಂದು ಕೇಪಿನ ಕೋವಿಯೂ ತೂಗುತ್ತಿತ್ತು. ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಅದು ಕೆಳಗಿಳಿಯುತ್ತಿತ್ತು. ಮದ್ದು ಸುರಿದು, ಗಜದಿಂದ ಜಡಿದು, ಕೇಪು ಕೂರಿಸಿ ಒಂದು ಈಡು ಹಾರಿಸಿದರೆ, ಮುಂದಿನ ಈಡಿಗೆ ಮತ್ತೆ ಅಷ್ಟೂ ಕೆಲಸವಾಗಬೇಕು. ಆ ಹೊತ್ತಿಗೆ ಹಂದಿ ಊರು ದಾಟಿರುತ್ತಿತ್ತು.

ಕೆಲವು ವರ್ಷಗಳ ಹಿಂದೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಈ ಹಳೆಯ ನೆನಪು ಮರುಕಳಿಸುವ ಪ್ರಸಂಗವೊದಗಿತು. ನನ್ನ ಮೊಮ್ಮಗನಿಗೆ ಆಗ ಹದಿನಾಲ್ಕು ವರ್ಷ. ಗುರಿ ಹೊಡೆಯುವ ಕ್ರೀಡೆಯಲ್ಲಿ ಅವನಿಗೆ ಆಸಕ್ತಿ. ಅವನ ಅಭ್ಯಾಸಕ್ಕಾಗಿ ತಾನೇ ಒಂದು ರೈಫಲ್ಲನ್ನು ಕೊಳ್ಳಬೇಕೆಂದು ಅಳಿಯ. ಮನೆಯೊಳಗೆ ಅಂಥದ್ದು ಕಾಲಿಡಕೂಡದೆಂದು ಮಗಳು. ವ್ಯಾಜ್ಯ ನನ್ನ ಮುಂದೆ ಬಂದಿತು. ತೀರ್ಪು ಹೇಳುವ ಮುನ್ನ ವಸ್ತುವನ್ನು ಅರಿಯಬೇಕಲ್ಲವೆ? ಎರಡು ವಾರ ಓದಿದೆ, ಬಲ್ಲವರನ್ನು ಕೇಳಿದೆ, ಗುರಿಯ ಮೈದಾನಕ್ಕೂ ಹೋಗಿಬಂದೆ. ಪ್ರವಾಸಿಯಾದ್ದರಿಂದ ಕೋವಿಯನ್ನು ಮುಟ್ಟದೆ ಬೆಂಚಿನ ಮೇಲೆ ಕುಳಿತು ನೋಡಿದೆನಷ್ಟೆ.

ಅಳಿಯ ಆರಿಸಿದ್ದುದು ರೂಗರ್ 10/22 ಎಂಬ ರೈಫಲ್. ವಿಲಿಯಂ ರೂಗರ್ ಮತ್ತು ಅಲೆಕ್ಸಾಂಡರ್ ಸ್ಟರ್ಮ್ ಎಂಬಿಬ್ಬರು 1949ರಲ್ಲಿ ಕನೆಕ್ಟಿಕಟ್ ಸಂಸ್ಥಾನದಲ್ಲಿ ಒಂದು ಸಣ್ಣ ಕಾರ್ಖಾನೆಯನ್ನು ತೆರೆದರು. ಸ್ಟರ್ಮ್ 1951ರಲ್ಲಿಯೇ ತೀರಿಕೊಂಡ. ರೂಗರ್ ಮುಂದುವರಿಸಿದ ಆ ಕಾರ್ಖಾನೆಯಿಂದ 1964ರಲ್ಲಿ ಈ ರೈಫಲ್ ಹೊರಬಂದಿತು. ಆಗ ಅದರ ಬೆಲೆ ಐವತ್ತನಾಲ್ಕೂವರೆ ಡಾಲರು. ಅಂದಿನಿಂದ ಇಂದಿನವರೆಗೆ 50 ಲಕ್ಷಕ್ಕೂ ಮಿಕ್ಕಿ ತಯಾರಾಗಿವೆ. ಹೆಸರಿನ ಅರ್ಥ ಸರಳ: ಹತ್ತು ತೋಟೆಗಳು, ಪಾಯಿಂಟ್ 22 ವ್ಯಾಸ. ತೂಕ ಸುಮಾರು ಐದು ಪೌಂಡು. ನಳಿಗೆಯ ಉದ್ದ ಹದಿನೆಂಟೂವರೆ ಅಂಗುಲ.

ಇದು ಅರೆಸ್ವಯಂಚಾಲಿತ ರೈಫಲ್. ಟ್ರಿಗರನ್ನು ಒಮ್ಮೆ ಎಳೆದರೆ ಒಂದೇ ಗುಂಡು ಹಾರುತ್ತದೆ. ಆದರೆ ಮುಂದಿನ ತೋಟೆಯನ್ನು ಕೋವಿ ತಾನೇ ತುಂಬಿಕೊಳ್ಳುತ್ತದೆ. ತೋಟೆ ಸಿಡಿದಾಗ ಹುಟ್ಟುವ ಅನಿಲದ ಒತ್ತಡ ಗುಂಡನ್ನು ಮುಂದಕ್ಕೆ ನೂಕುವಂತೆಯೇ ಖಾಲಿ ಕವಚವನ್ನು ಹಿಂದಕ್ಕೂ ನೂಕುತ್ತದೆ. ಕವಚದ ಹಿಂದೆ ಬೋಲ್ಟ್ ಎಂಬ ಉಕ್ಕಿನ ಗಟ್ಟಿ, ಅದರ ಹಿಂದೆ ಸ್ಪ್ರಿಂಗು. ಬೋಲ್ಟಿನ ತೂಕದಿಂದಾಗಿ, ಗುಂಡು ನಳಿಗೆಯನ್ನು ದಾಟಿ ಒತ್ತಡ ಇಳಿಯುವವರೆಗೆ ಕವಚ ಹೊರಬೀಳುವುದಿಲ್ಲ. ಅನಂತರ ಬೋಲ್ಟು ಹಿಂದೆ ಸರಿದು, ಕವಚವನ್ನು ಎಸೆದು, ಸ್ಪ್ರಿಂಗಿನ ಬಲದಿಂದ ಮರಳುವಾಗ ಹೊಸ ತೋಟೆಯನ್ನು ಗೂಡಿಗೆ ತಳ್ಳುತ್ತದೆ. 1887ರಲ್ಲಿ ರೂಪುಗೊಂಡ ಪಾಯಿಂಟ್ 22 ಲಾಂಗ್ ರೈಫಲ್ ತೋಟೆ ಅಲ್ಪಶಕ್ತಿಯದಾದ್ದರಿಂದ ಇಷ್ಟು ಸರಳವಾದ ಏರ್ಪಾಡು ಸಾಕಾಗುತ್ತದೆ. ಅಲ್ಪಶಕ್ತಿಯೆಂದರೆ ಆಟಿಕೆಯೆಂದಲ್ಲ. ಆ ಗುಂಡು ಒಂದೂವರೆ ಮೈಲಿಯವರೆಗೂ ಅಪಾಯಕಾರಿ.

ಅಗ್ಗದ ವಸ್ತುವನ್ನು ಅಳೆಯುವುದು ಹೇಗೆ? ನನಗೆ ಪರಿಚಿತವಾದ ಮಾನದಂಡವೆಂದರೆ ಪುಸ್ತಕದ್ದು. ಕಾವ್ಯವೊಂದರ ಸುಲಭ ಬೆಲೆಯ ಆವೃತ್ತಿಯಲ್ಲಿ ಕಾಗದ ತೆಳುವಾಗಿರಬಹುದು, ರಟ್ಟು ಸಾಧಾರಣವಾಗಿರಬಹುದು. ಆದರೆ ಪಾಠ ಶುದ್ಧವಾಗಿರಬೇಕು. ಎಲ್ಲಿ ಉಳಿತಾಯ ಮಾಡಿದ್ದಾರೆ, ಎಲ್ಲಿ ಮಾಡಿಲ್ಲ ಎಂಬುದನ್ನು ನೋಡಿದರೆ ಪ್ರಕಾಶಕನ ಮನಸ್ಸು ತಿಳಿಯುತ್ತದೆ. ಕೋವಿಯ ವಿಷಯದಲ್ಲಿಯೂ ಅಷ್ಟೆ.

ಈ ರೈಫಲ್ಲಿನ ನಡುಭಾಗ ಉಕ್ಕಿನದಲ್ಲ, ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಲಿ ಖರ್ಚು ಉಳಿಯಿತು, ತೂಕವೂ ಇಳಿಯಿತು. ನಳಿಗೆಯನ್ನು ತಿರುಪು ಕೊರೆದು ಬಿಗಿಯುವ ಬದಲು ಎರಡು ಸ್ಕ್ರೂಗಳಿಂದ ಹಿಡಿದಿದ್ದಾರೆ. ನಳಿಗೆ ಕೆಟ್ಟರೆ ಬದಲಿಸುವುದು ಸುಲಭ. ಉಳಿತಾಯವೇ ಇಲ್ಲಿ ಗುಣವಾಗಿದೆ. ಖರ್ಚನ್ನು ಉಳಿಸದೆ ಬುದ್ಧಿಯನ್ನು ವ್ಯಯಿಸಿದ ಸ್ಥಳ ತೋಟೆಗಳ ಪೆಟ್ಟಿಗೆ. ಈ ಜಾತಿಯ ತೋಟೆಗೆ ಹಿಂಭಾಗದಲ್ಲಿ ಅಂಚು ಇರುತ್ತದೆ. ಒಂದರ ಮೇಲೊಂದು ಪೇರಿಸಿದರೆ ಅಂಚಿಗೆ ಅಂಚು ಸಿಕ್ಕಿಕೊಳ್ಳುವ ಸಂಭವವುಂಟು. ಇಲ್ಲಿ ಪೆಟ್ಟಿಗೆಯೊಳಗೆ ತಿರುಗುವ ಚಕ್ರವೊಂದಿದ್ದು, ಒಂದೊಂದು ತೋಟೆಗೂ ಒಂದೊಂದು ಪ್ರತ್ಯೇಕ ಸ್ಥಾನ. ಕೋವಿ ತಡವರಿಸದೆ ನಡೆಯುವುದಕ್ಕೆ ಇದೇ ಮುಖ್ಯ ಕಾರಣವೆಂದು ಬಲ್ಲವರ ಮತ. ಪಾಠ ಶುದ್ಧವಾಗಿದೆ ಎನ್ನಬೇಕು.

ಕೊರತೆಗಳೂ ಇವೆ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಟ್ರಿಗರು ಬಿಗಿ. ಸೂಕ್ಷ್ಮವಾದ ಗುರಿಗೆ ಇದು ಅಡ್ಡಿ. ನಡುಭಾಗದ ಹಿಂಬದಿ ಮುಚ್ಚಿರುವುದರಿಂದ ನಳಿಗೆಯನ್ನು ಬಾಯಿಯ ಕಡೆಯಿಂದಲೇ ಶುಚಿಗೊಳಿಸಬೇಕು. ಎಚ್ಚರ ತಪ್ಪಿದರೆ ಬಾಯಿಯ ಅಂಚು ಸವೆದು ಗುರಿ ಕೆಡುತ್ತದೆ. ಸಾಧಾರಣ ತೋಟೆಗಳಿಂದ ಐವತ್ತು ಗಜದ ದೂರದಲ್ಲಿ ಒಂದೆರಡು ಅಂಗುಲದೊಳಗೆ ಗುಂಡುಗಳು ಬೀಳುತ್ತವೆ. ಅಭ್ಯಾಸಿಗೆ ಇಷ್ಟು ಸಾಕು, ಸ್ಪರ್ಧಿಗೆ ಸಾಲದು. ಇನ್ನೊಂದು ಸಂಗತಿಯನ್ನು ನಾನು ವಿಶೇಷವಾಗಿ ಗುರುತಿಸಿಕೊಂಡೆ: ಕೊನೆಯ ತೋಟೆ ಸಿಡಿದ ಮೇಲೆ ಇದರ ಬೋಲ್ಟು ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ತುಂಬಿದ ಕೋವಿಯೂ ಬರಿದಾದ ಕೋವಿಯೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ.

ಇದರ ಅರ್ಥ ಮೈದಾನದಲ್ಲಿ ತಿಳಿಯಿತು. ಸಂಘದವರು ಕೊಟ್ಟ ಅಂಥದೇ ರೈಫಲ್ಲಿನಿಂದ ಮೊಮ್ಮಗ ಚೆನ್ನಾಗಿಯೇ ಹೊಡೆದ. ನಿಲ್ಲಿಸುವ ಸೂಚನೆ ಬಂದಾಗ ಪೆಟ್ಟಿಗೆಯನ್ನು ಕಳಚಿ ಮೇಜಿನ ಮೇಲಿಟ್ಟು, "ಖಾಲಿಯಾಯಿತು" ಎಂದು ಹೆಮ್ಮೆಯಿಂದ ಹೇಳಿದ. ಅಲ್ಲಿದ್ದ ವೃದ್ಧ ಶಿಕ್ಷಕ ಮರುಮಾತಾಡದೆ, ನಳಿಗೆಯನ್ನು ಗುರಿಯ ದಿಕ್ಕಿಗೇ ಇರಿಸಿ, ಬೋಲ್ಟನ್ನು ಹಿಂದಕ್ಕೆಳೆದ. ಒಂದು ತೋಟೆ ಠಣ್ಣೆಂದು ನೆಲಕ್ಕೆ ಬಿದ್ದಿತು. ಪೆಟ್ಟಿಗೆ ಹೊರಬಂದಿದ್ದರೂ ಗೂಡಿನೊಳಗೆ ಒಂದು ಉಳಿದಿತ್ತು. ಇದು ಕೋವಿಯ ದೋಷವಲ್ಲ; ತಾನೇ ತುಂಬಿಕೊಳ್ಳುವ ಕೋವಿಗಳಿಗೆಲ್ಲ ಇದು ಸಹಜ. ಹುಡುಗನ ಮುಖ ಬಿಳಿಚಿತು. ನನ್ನ ಮುಖವೂ ಹಾಗೆಯೇ ಆಗಿರಬೇಕು.

ಏಕೆಂದರೆ ಆ ಕ್ಷಣದಲ್ಲಿ ನನಗೆ ಕಂಡದ್ದು ನನ್ನ ಚಿಕ್ಕಪ್ಪನ ಎಡಗೈ. ಅದರಲ್ಲಿ ಎರಡು ಬೆರಳುಗಳಿರಲಿಲ್ಲ. ರಾತ್ರಿ ಗದ್ದೆ ಕಾದು ಬಂದು, ಈಡು ಹಾರಿಸಿಯಾಗಿದೆ ಎಂದು ಭಾವಿಸಿ, ಬೆಳಗ್ಗೆ ಕೋವಿಯನ್ನು ಒರೆಸಲು ಕುಳಿತಿದ್ದರಂತೆ. "ತುಂಬಿದ ಕೋವಿಗೆ ಎಲ್ಲರೂ ಹೆದರುತ್ತಾರೆ, ಬೆರಳು ತಿನ್ನುವುದು ಖಾಲಿ ಕೋವಿ" ಎಂದು ಅವರು ಹೇಳುತ್ತಿದ್ದರು. ಒಂದು ಈಡಿಗೆ ಅಷ್ಟು ಹೊತ್ತು ಹಿಡಿಯುತ್ತಿದ್ದ ಕೋವಿಯೇ ಹೀಗೆ ಮಾಡಿದರೆ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತಾನೇ ತುಂಬಿಕೊಳ್ಳುವ ಕೋವಿಯ ವಿಷಯದಲ್ಲಿ ಎಷ್ಟು ಎಚ್ಚರ ಬೇಕು!

ಈ ಎಚ್ಚರವನ್ನು ಸಮಾಜಗಳೂ ತಮ್ಮ ತಮ್ಮ ರೀತಿಯಲ್ಲಿ ತೋರಿಸಿವೆ. ಬೇಟೆ ಜನಪ್ರಿಯವಾಗಿರುವ ಪೆನ್ಸಿಲ್ವೇನಿಯಾದಲ್ಲಿಯೇ ಅರೆಸ್ವಯಂಚಾಲಿತ ರೈಫಲ್ಲಿನಿಂದ ಬೇಟೆಯಾಡುವುದು ಬಹುಕಾಲ ನಿಷಿದ್ಧವಾಗಿತ್ತು. ಸಣ್ಣ ಪ್ರಾಣಿಗಳ ಬೇಟೆಗೆ ಅನುಮತಿ ದೊರೆತದ್ದು 2017ರಲ್ಲಿ. ಆಸ್ಟ್ರೇಲಿಯದ ಪೋರ್ಟ್ ಆರ್ಥರಿನಲ್ಲಿ 1996ರಲ್ಲಿ ಒಬ್ಬ ಬಂದೂಕುಧಾರಿ 35 ಜನರನ್ನು ಕೊಂದ ಮೇಲೆ, ಆ ದೇಶ ಇಂಥ ಸಣ್ಣ ರೈಫಲ್ಲುಗಳನ್ನೂ ಕೃಷಿಕರೇ ಮೊದಲಾದ, ನಿಜವಾದ ಅಗತ್ಯವನ್ನು ತೋರಿಸಬಲ್ಲ ಕೆಲವರಿಗಷ್ಟೇ ಸೀಮಿತಗೊಳಿಸಿತು. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನು ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಪೂಜೆ ಎಂದರೆ ಇಲ್ಲಿ ಆಯುಧದ ಹಿರಿಮೆಯನ್ನು ಸಾರುವುದಷ್ಟೇ ಅಲ್ಲ. ಅದನ್ನು ಕೈಗೆತ್ತಿಕೊಳ್ಳುವವನು ಒಂದು ಗಳಿಗೆ ನಿಂತು ತಲೆಬಾಗಲಿ ಎಂಬುದೂ ಅದರಲ್ಲಿ ಅಡಗಿದೆಯೆಂದು ನಾನು ತಿಳಿದಿದ್ದೇನೆ.

ಕೊನೆಗೆ ನಾನು ಹೇಳಿದ ತೀರ್ಪು ಇಷ್ಟು. ವಸ್ತು ಬೆಲೆಗೆ ತಕ್ಕದ್ದು, ಬೆಲೆಗಿಂತ ಮಿಗಿಲಾದದ್ದು ಎಂದರೂ ತಪ್ಪಿಲ್ಲ. ಆದರೆ ಕಾರ್ಖಾನೆ ಒದಗಿಸಲಾರದ ಒಂದು ಭಾಗವನ್ನು ಮನೆಯವರೇ ಒದಗಿಸಬೇಕು. ಮೊದಲ ವರ್ಷ ಹತ್ತರ ಪೆಟ್ಟಿಗೆಯಲ್ಲಿ ಒಂದೊಂದೇ ತೋಟೆಯನ್ನು ತುಂಬಿ ಅಭ್ಯಾಸವಾಗಲಿ; ನಿಲ್ಲಿಸುವಾಗ ಪ್ರತಿ ಸಲವೂ ಪೆಟ್ಟಿಗೆ ಕಳಚಿ, ಬೋಲ್ಟು ಎಳೆದು, ಗೂಡನ್ನು ಕಣ್ಣಾರೆ ಕಂಡು, ಬೆರಳಿನಿಂದ ಮುಟ್ಟಿ ನೋಡಲಿ. ಕೋವಿ ಒಂದು ಬೀರುವಿನಲ್ಲಿ, ತೋಟೆ ಇನ್ನೊಂದರಲ್ಲಿ ಇರಲಿ. ಎರಡರ ಬೀಗದ ಕೈಯೂ ಅದನ್ನು ಬೇಡವೆಂದ ತಾಯಿಯ ಬಳಿಯೇ ಇರಲಿ.

ಅಳಿಯ ಒಪ್ಪಿದ. ಮಗಳು ಒಪ್ಪಿದಳೆಂದು ಹೇಳಲಾರೆ. ಬೀಗದ ಕೈಗಳನ್ನು ಮಾತ್ರ ತೆಗೆದುಕೊಂಡಳು. ಮೊಮ್ಮಗ ನೆಲಕ್ಕೆ ಬಿದ್ದ ಆ ತೋಟೆಯನ್ನು ಶಿಕ್ಷಕನಿಗೆ ಹಿಂದಿರುಗಿಸಿದವನು, ಮರುವಾರ ಮೈದಾನದಲ್ಲಿ "ಖಾಲಿಯಾಯಿತು" ಎನ್ನಲಿಲ್ಲ. "ಅಜ್ಜ, ನೀವೂ ಒಮ್ಮೆ ನೋಡಿ" ಎಂದ. ನೋಡಿದೆ. ಬರಿದಾಗಿತ್ತು.