ಹೋಗುವುದೋ, ಉಳಿಯುವುದೋ: ಡಾಕ್ಟರ್ ಸಾಕ್ರಟೀಸ್



ಬ್ರೆಜಿಲ್ ಫುಟ್‌ಬಾಲ್ ಎಂದೊಡನೆ ಪೆಲೆಯ ಹೆಸರು ನಾಲಗೆಗೆ ಬರುತ್ತದೆ. ಈ ಸಂಜೆಯ ಮಾತು ವಿಶ್ವಕಪ್ ಗೆಲ್ಲದ ನಾಯಕನೊಬ್ಬನನ್ನು ಕುರಿತದ್ದು.

1954ರ ಫೆಬ್ರವರಿ 19ರಂದು ಬೆಲೆಮ್ ನಗರದಲ್ಲಿ ಹುಟ್ಟಿದ ಮಗನಿಗೆ ತಂದೆ ಸಾಕ್ರಟೀಸ್ ಎಂದು ಹೆಸರಿಟ್ಟರು. ಸ್ವಂತ ಓದಿನಿಂದ ಮೇಲೆ ಬಂದ ಅವರಿಗೆ ಗ್ರೀಕರೆಂದರೆ ಮೋಹ; ಇನ್ನಿಬ್ಬರು ಮಕ್ಕಳು ಸೋಸ್ತೆನಿಸ್, ಸೋಫೋಕ್ಲಿಸ್ ಆದರು. 1964ರಲ್ಲಿ ಸೈನ್ಯ ಅಧಿಕಾರ ಹಿಡಿದಾಗ ಅದೇ ತಂದೆ ತಮ್ಮ ಪುಸ್ತಕವನ್ನು ತಾವೇ ಸುಟ್ಟರು. ಹತ್ತು ವರ್ಷದ ಹುಡುಗ ಅದನ್ನು ಕಣ್ಣಾರೆ ಕಂಡ. ಆ ಬೆಂಕಿಯನ್ನು ಆತ ಕಡೆಯವರೆಗೂ ಮರೆಯಲಿಲ್ಲ.

ರಿಬೇರಾವ್ ಪ್ರೆಟೊದಲ್ಲಿ ವೈದ್ಯಕೀಯ ಓದುತ್ತಲೇ ಆತ ಅಲ್ಲಿನ ಬೊಟಾಫೊಗೊ ಕ್ಲಬ್ಬಿಗೆ ಆಡಿದ. 'ಡಾಕ್ಟರ್' ಎಂಬುದು ಅಭಿಮಾನಿಗಳು ಕೊಟ್ಟ ಬಿರುದಲ್ಲ, ದುಡಿದು ಪಡೆದ ಪದವಿ. ನೀಳ ದೇಹ, ಅದಕ್ಕೆ ಹೊಂದದ ಸಣ್ಣ ಪಾದ. ದೇಹವನ್ನು ತಿರುಗಿಸುವ ಶ್ರಮವೇಕೆಂಬಂತೆ ಹಿಮ್ಮಡಿಯಿಂದಲೇ ಚೆಂಡು ದಾಟಿಸುತ್ತಿದ್ದ.

1978ರಲ್ಲಿ ಸಾವೊ ಪಾಲೊದ ಕೊರಿಂಥಿಯನ್ಸ್ ಸೇರಿದ. 1910ರಲ್ಲಿ ಕಾರ್ಮಿಕರು ಕಟ್ಟಿದ ಕ್ಲಬ್ ಅದು. ಆದರೆ ಬ್ರೆಜಿಲ್‌ನ ಬೇರೆ ಕ್ಲಬ್ಬುಗಳಂತೆ ಅಲ್ಲಿಯೂ ಆಟಗಾರರೆಂದರೆ ಬೆಳೆದ ಮಕ್ಕಳು. ಪಂದ್ಯಕ್ಕೆ ಮುನ್ನ ಅವರನ್ನೆಲ್ಲ ಮನೆಯಿಂದ ದೂರ, ಕಾವಲಿನಲ್ಲಿ ಕೂಡಿಹಾಕುವುದು ವಾಡಿಕೆ. ದೇಶವನ್ನು ಬ್ಯಾರಕ್ಕಿನಂತೆ ನಡೆಸುತ್ತಿದ್ದವರಿಗೆ ಇದು ಸಹಜವಾಗಿಯೇ ಕಂಡಿರಬೇಕು.

ತಂಡ ನೆಲಕಚ್ಚಿದ್ದ ಹೊತ್ತಿನಲ್ಲಿ ಅಡಿಲ್ಸನ್ ಮೊಂಟೇರೊ ಆಲ್ವೆಸ್ ಎಂಬ ಸಮಾಜಶಾಸ್ತ್ರಜ್ಞ ಫುಟ್‌ಬಾಲ್ ವಿಭಾಗದ ನಿರ್ದೇಶಕನಾಗಿ ಬಂದ. ಫುಟ್‌ಬಾಲ್ ಬಲ್ಲವನಲ್ಲ, ಅದೇ ಒಳ್ಳೆಯದಾಯಿತು, ಆಟಗಾರರನ್ನು ಕೇಳಿ ತಿಳಿಯಬೇಕಾಯಿತು. ಸಾಕ್ರಟೀಸ್, ವ್ಲಾಡಿಮಿರ್, ಹದಿಹರೆಯದ ಕಾಸಾಗ್ರಾಂಡಿ ಇವರೊಂದಿಗೆ ಹೊಸ ಪದ್ಧತಿ ಹುಟ್ಟಿತು. ತರಬೇತಿಯ ವೇಳೆ, ಪ್ರಯಾಣ, ಹೊಸ ಆಟಗಾರರ ನೇಮಕ, ಎಲ್ಲಕ್ಕೂ ಮತ. ತಾರೆಗೂ ಒಂದೇ ಮತ, ಬಟ್ಟೆ ಒಗೆದು ಬೂಟು ಜೋಡಿಸುವವನಿಗೂ ಒಂದೇ ಮತ. ಕೂಡಿಹಾಕುವ ವಾಡಿಕೆ ಹೋಯಿತು. ಗೋಲ್‌ಕೀಪರ್ ಲಿಯಾವ್‌ಗೆ ಇದು ಹಿಡಿಸಲಿಲ್ಲ; ಬಾಯಿಬಿಟ್ಟು ಹೇಳಿದ, ತಂಡದಲ್ಲಿಯೇ ಉಳಿದ. ಗಡ್ಡದ ಕಮ್ಯುನಿಸ್ಟರೆಂದು ಹೊರಗಿನವರು ಹಳಿದರು. 1982 ಮತ್ತು 1983ರಲ್ಲಿ ಸಾವೊ ಪಾಲೊ ರಾಜ್ಯ ಪ್ರಶಸ್ತಿ ಗೆಲ್ಲದೆ ಹೋಗಿದ್ದರೆ ಈ ಪ್ರಯೋಗವನ್ನು ಅವರು ಉಳಿಯಗೊಡುತ್ತಿದ್ದರೇ?

1982ರ ನವೆಂಬರ್ 15ರ ಚುನಾವಣೆಗೆ ಮುನ್ನ ಆಟಗಾರರ ಬೆನ್ನ ಮೇಲೆ, ಜಾಹೀರಾತು ಇರಬೇಕಾದೆಡೆ, ಆ ದಿನ ಮತ ಹಾಕಿ ಎಂಬ ಕರೆಯಿತ್ತು. ಯಾರಿಗೆಂದು ಬರೆದಿರಲಿಲ್ಲ. ಎಷ್ಟೋ ವರ್ಷ ಮತದ ರುಚಿ ಮರೆತ ಜನಕ್ಕೆ ಅಷ್ಟು ಸಾಕಿತ್ತು.

ಅದೇ ವರ್ಷದ ವಿಶ್ವಕಪ್ಪಿನಲ್ಲಿ ಆತನ ತಂಡ ಇಟಲಿಗೆ 3-2ರಲ್ಲಿ ಸೋತಿತು. ಅದರ ಕಥೆ ಎಲ್ಲರಿಗೂ ಗೊತ್ತು.

ಎರಡು ವರ್ಷದ ಅನಂತರ ಇಟಲಿಯೇ ಕರೆಯಿತು. ರಾಷ್ಟ್ರಾಧ್ಯಕ್ಷನನ್ನು ಜನರೇ ನೇರವಾಗಿ ಆರಿಸಬೇಕೆಂಬ ಚಳವಳಿ ಆಗ ಬೀದಿ ತುಂಬಿತ್ತು. 1984ರ ಏಪ್ರಿಲ್‌ನಲ್ಲಿ ಸಾವೊ ಪಾಲೊದ ಬೃಹತ್ ಸಭೆಯಲ್ಲಿ ಸಾಕ್ರಟೀಸ್ ಮಾತು ಕೊಟ್ಟ: ತಿದ್ದುಪಡಿ ಸಂಸತ್ತಿನಲ್ಲಿ ಗೆದ್ದರೆ ದೇಶ ಬಿಡುವುದಿಲ್ಲ. ಇಲ್ಲಿ ನೆರೆದ ಹೆಚ್ಚಿನವರೂ ಊರು ಬಿಟ್ಟು ಬಂದವರೇ. ಸಂಬಳ, ವೀಸಾ, ಮಕ್ಕಳ ಶಾಲೆ, ಇವೇ ನಿರ್ಗಮನದ ಲೆಕ್ಕಗಳು. ಅವುಗಳಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆತ ಮಾತ್ರ ಈ ಲೆಕ್ಕಕ್ಕೆ ತಾಯ್ನಾಡಿನ ಮತಪೆಟ್ಟಿಗೆಯನ್ನು ಸೇರಿಸಿದ, ಅದೂ ಸಾವಿರಾರು ಜನರನ್ನು ಸಾಕ್ಷಿಯಾಗಿಟ್ಟುಕೊಂಡು.

ಏಪ್ರಿಲ್ 25ರಂದು ತಿದ್ದುಪಡಿಗೆ 298 ಮತ ಬಿತ್ತು. ಬೇಕಿದ್ದದ್ದು 320. ಸಾಕ್ರಟೀಸ್ ಫಿಯೊರೆಂಟಿನಾಕ್ಕೆ ಹೊರಟ. ಅಲ್ಲಿ ಮನಸ್ಸು ನಿಲ್ಲದೆ ಒಂದೇ ಋತುವಿನಲ್ಲಿ ಮರಳಿದ. ಅಷ್ಟರಲ್ಲಿ ಸೈನಿಕ ಆಡಳಿತ ಕೊನೆಗೊಂಡಿತ್ತು. ನೇರ ಚುನಾವಣೆಗೆ ಬ್ರೆಜಿಲ್ 1989ರವರೆಗೆ ಕಾಯಬೇಕಾಯಿತು. ಆತನಿಲ್ಲದ ಕೊರಿಂಥಿಯನ್ಸ್‌ನಲ್ಲಿ ಆ ಪದ್ಧತಿ ಬಹುಕಾಲ ಬಾಳಲಿಲ್ಲ. ಸಮೂಹದ ಆಳ್ವಿಕೆಯೂ ಕೆಲವರ ಹೆಗಲನ್ನೇ ನೆಚ್ಚಿಕೊಂಡಿತ್ತೆಂಬುದನ್ನು ಪ್ರಗತಿಪರರು ಮರೆಮಾಚಬೇಕಾಗಿಲ್ಲ.

ಸಿಗರೇಟು, ಕುಡಿತ ಆತ ಬಿಡಲಿಲ್ಲ. ವೈದ್ಯನಿಗೆ ಅದರ ಫಲ ತಿಳಿಯದ್ದೇನಲ್ಲ. 2011ರ ಡಿಸೆಂಬರ್ 4ರಂದು, 57ನೆಯ ವಯಸ್ಸಿನಲ್ಲಿ ತೀರಿಕೊಂಡ. ಅದೇ ದಿನ ಪಾಲ್ಮೇರಾಸ್ ವಿರುದ್ಧದ ಪಂದ್ಯಕ್ಕೆ ಮುನ್ನ ಕೊರಿಂಥಿಯನ್ಸ್ ಆಟಗಾರರು ಮೈದಾನದ ನಡುವೆ ನಿಂತು, ಗೋಲು ಹೊಡೆದಾಗ ಆತ ಎತ್ತುತ್ತಿದ್ದಂತೆ ಮುಷ್ಟಿ ಬಿಗಿದು ಕೈಯೆತ್ತಿದರು. ಆ ಪಂದ್ಯದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ರಾಷ್ಟ್ರೀಯ ಪ್ರಶಸ್ತಿಗೆ ಅವರಿಗೆ ಅಷ್ಟೇ ಸಾಕಾಯಿತು.